ಕಾರು ಬರುವಷ್ಟರಲ್ಲಿ ಕಾನೂನೇ ಬದಲು

ಸರ್ಕಾರವೊಂದು ರಿಯಾಯಿತಿ ಘೋಷಿಸಿದಾಗ ‘ಎಷ್ಟು?’ ಎಂದು ಎಲ್ಲರೂ ಕೇಳುತ್ತಾರೆ. ‘ಯಾವ ದಿನದ ಲೆಕ್ಕದಲ್ಲಿ?’ ಎಂದು ಕೇಳುವವರು ವಿರಳ. ಅಮೆರಿಕದಲ್ಲಿ ವಿದ್ಯುತ್ ಕಾರು ಕೊಂಡವರಿಗೆ ದೊರೆಯುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು. 2008ರ ಅಕ್ಟೋಬರ್‌ನಲ್ಲಿ ಕಾನೂನಾದ ಈ ಸವಲತ್ತಿನ ಚರಿತ್ರೆಯನ್ನು ಹಿಂದಿರುಗಿ ನೋಡಿದರೆ, ಕೊಳ್ಳುವವರನ್ನು ಕಾಡಿದ್ದು ಮೊತ್ತಕ್ಕಿಂತ ಹೆಚ್ಚಾಗಿ ದಿನಾಂಕ ಎಂಬುದು ಮನದಟ್ಟಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮ ಎಂಜಿನಿಯರುಗಳ ಮನೆಗಳಿಗೆ ಈ ಲೆಕ್ಕಾಚಾರ ಹೊಸದಲ್ಲ. ಮಗನ ಕಾರು ಏಕಿನ್ನೂ ಬಂದಿಲ್ಲ ಎಂದು ದೂರವಾಣಿಯಲ್ಲಿ ವಿಚಾರಿಸುವ ಬೆಂಗಳೂರಿನ ತಂದೆ ತಾಯಿಗಳಿಗೆ ಮಾತ್ರ ಅದರ ಒಳಸುಳಿ ತಿಳಿದಿರಲಾರದು.

ಈ ರಿಯಾಯಿತಿ ನಮ್ಮಲ್ಲಿನಂತೆ ಆದಾಯದಿಂದ ಕಳೆಯುವ ಮೊತ್ತವಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ಕಳೆಯುವಂಥದ್ದು. 8,000 ಡಾಲರ್ ತೆರಿಗೆ ಕಟ್ಟಬೇಕಾದವರು 500 ಡಾಲರ್ ಕಟ್ಟಿದರೆ ಸಾಕಾಗುತ್ತಿತ್ತು. ಆದರೆ ವರ್ಷಕ್ಕೆ 3,000 ಡಾಲರ್ ಮಾತ್ರ ತೆರಿಗೆ ಬರುವ ನಿವೃತ್ತರಿಗೆ ಸಿಗುತ್ತಿದ್ದುದು ಆ 3,000 ಮಾತ್ರ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಲು ಅವಕಾಶವಿರಲಿಲ್ಲ. 2024ರಿಂದ ಮಾರಾಟಗಾರರೇ ಈ ಮೊತ್ತವನ್ನು ಬೆಲೆಯಲ್ಲಿ ಕಡಿತ ಮಾಡಬಹುದೆಂದಾದ ಮೇಲೆ ಈ ತೊಡಕು ನಿವಾರಣೆಯಾಯಿತು. ದಿನಾಂಕದ ತೊಡಕು ಹಾಗೆಯೇ ಉಳಿಯಿತು. ಕಾನೂನಿನ ಕಣ್ಣಿನಲ್ಲಿ ಗ್ರಾಹಕ ಕಾರನ್ನು ಬುಕ್ ಮಾಡಿದ ದಿನಕ್ಕೆ ಬೆಲೆಯಿರಲಿಲ್ಲ, ಕಾರು ಅವನ ವಶಕ್ಕೆ ಬಂದ ದಿನವೇ ನಿರ್ಣಾಯಕ. ಕೊಳ್ಳುವ ತೀರ್ಮಾನ ಒಂದು ದಿನ, ಅದರ ಫಲ ಮತ್ತೊಂದು ದಿನ. ನಡುವಿನ ತಿಂಗಳುಗಳ ಮೇಲೆ ಗ್ರಾಹಕನಿಗೆ ಯಾವ ಹಿಡಿತವೂ ಇಲ್ಲ.

ಇದರ ಪರಿಣಾಮ ಢಾಳಾಗಿ ಕಂಡದ್ದು ಟೆಸ್ಲಾ ಕಂಪನಿಯ ಮಾಡೆಲ್ 3 ಪ್ರಕರಣದಲ್ಲಿ. 35,000 ಡಾಲರ್ ಬೆಲೆಯ, ಮಧ್ಯಮ ವರ್ಗದ ಕೈಗೆಟುಕುವ ಕಾರು ಎಂದು ಸಾರಿ 2016ರ ಮಾರ್ಚ್ 31ರಂದು ಕಂಪನಿ ಬುಕಿಂಗ್ ಆರಂಭಿಸಿತು. ಒಂದು ವಾರದಲ್ಲಿ 3,25,000 ಮಂದಿ ತಲಾ 1,000 ಡಾಲರ್ ಮುಂಗಡ ಕೊಟ್ಟು ಹೆಸರು ನೋಂದಾಯಿಸಿದರು. 7,500 ಡಾಲರ್ ಕಳೆದರೆ ಕಾರು 27,500ಕ್ಕೆ ಸಿಗುತ್ತದೆ ಎಂಬ ಲೆಕ್ಕ ಅವರಲ್ಲಿ ಅನೇಕರ ಮನಸ್ಸಿನಲ್ಲಿ ಇದ್ದಿರಬೇಕು. ಆದರೆ ಕಾನೂನಿನಲ್ಲಿ ಇನ್ನೊಂದು ಷರತ್ತಿತ್ತು. ಒಂದು ಕಂಪನಿ ಅಮೆರಿಕದಲ್ಲಿ 2,00,000 ಅರ್ಹ ವಾಹನಗಳನ್ನು ಮಾರಿದ ತ್ರೈಮಾಸಿಕ ಮತ್ತು ಅದರ ಮುಂದಿನ ತ್ರೈಮಾಸಿಕ ಮುಗಿದ ಕೂಡಲೇ ಅದರ ಗ್ರಾಹಕರ ರಿಯಾಯಿತಿ ಅರ್ಧಕ್ಕೆ, ಆರು ತಿಂಗಳ ಬಳಿಕ ಕಾಲು ಭಾಗಕ್ಕೆ, ಮತ್ತೆ ಆರು ತಿಂಗಳಿಗೆ ಸೊನ್ನೆಗೆ ಇಳಿಯಬೇಕು. ಟೆಸ್ಲಾ ಈ ಗಡಿ ದಾಟಿದ್ದು 2018ರ ಜುಲೈನಲ್ಲಿ. ಜೂನ್‌ನಲ್ಲೇ ದಾಟಿದ್ದರೆ ಗ್ರಾಹಕರು ಮೂರು ತಿಂಗಳ ಪೂರ್ಣ ರಿಯಾಯಿತಿಯನ್ನು ಕಳೆದುಕೊಳ್ಳುತ್ತಿದ್ದರು!

ಕಂಪನಿ ಮೊದಲು ತಯಾರಿಸಿದ್ದು 35,000 ಡಾಲರ್‌ನ ಕಾರನ್ನಲ್ಲ. 2017ರ ಜುಲೈನಲ್ಲಿ ಹೊರಬರತೊಡಗಿದ್ದು ಸುಮಾರು 49,000 ಡಾಲರ್‌ನ ದುಬಾರಿ ಮಾದರಿ. ಅಗ್ಗದ ಮಾದರಿ ಮಾರಾಟಕ್ಕೆ ಬಂದದ್ದು 2019ರ ಫೆಬ್ರುವರಿ ಕೊನೆಗೆ. ಅಷ್ಟರಲ್ಲಿ ರಿಯಾಯಿತಿ 3,750ಕ್ಕೆ ಇಳಿದಿತ್ತು. ಜುಲೈನಿಂದ 1,875 ಆಯಿತು. 2020ರ ಜನವರಿಯಲ್ಲಿ ಏನೂ ಉಳಿಯಲಿಲ್ಲ. ಮೂರು ವರ್ಷ ತಾಳ್ಮೆಯಿಂದ ಕಾದವರು ಅರ್ಧ ಪಡೆದರು, 14,000 ಡಾಲರ್ ಹೆಚ್ಚು ಕೊಡಬಲ್ಲವರು ಪೂರ್ತಿ ಪಡೆದರು. ಸರದಿಯಲ್ಲಿ ಯಾರು ಮುಂದಿದ್ದರು ಎಂಬುದಕ್ಕಿಂತ ಯಾರ ಜೇಬು ದೊಡ್ಡದು ಎಂಬುದೇ ಮುಖ್ಯವಾಯಿತು. ಸಾಮಾನ್ಯರನ್ನು ವಿದ್ಯುತ್ ಕಾರಿನತ್ತ ಸೆಳೆಯಲೆಂದು ಮಾಡಿದ ಕಾನೂನಿನ ಫಲ ಇದು. 2018ರ ಡಿಸೆಂಬರ್ 31ರೊಳಗೆ ಕಾರು ಪಡೆಯಲು ಧಾವಂತವೆದ್ದಿತು. ತಾನು ಒಪ್ಪಿಕೊಂಡ ದಿನಕ್ಕೆ ಕಾರು ತಲುಪದಿದ್ದರೆ ವ್ಯತ್ಯಾಸವನ್ನು ಕಂಪನಿಯೇ ತುಂಬಿಕೊಡುವುದು ಎಂದು ಅದರ ಮುಖ್ಯಸ್ಥ ಇಲಾನ್ ಮಸ್ಕ್ ಸಾರ್ವಜನಿಕವಾಗಿ ಹೇಳಬೇಕಾಯಿತು.

ನಾಲ್ಕು ವರ್ಷಗಳ ನಂತರ ಚಿತ್ರ ತಲೆಕೆಳಗಾಯಿತು. ಅಧ್ಯಕ್ಷ ಬೈಡನ್ ಅವರು 2022ರ ಆಗಸ್ಟ್ 16ರಂದು ಸಹಿ ಹಾಕಿದ ಹೊಸ ಕಾನೂನು 2,00,000ದ ಮಿತಿಯನ್ನು ತೆಗೆದುಹಾಕಿತು. ಆದರೆ 2023ರ ಜನವರಿ 1ರಿಂದ. ಹೀಗಾಗಿ ಡಿಸೆಂಬರ್‌ನಲ್ಲಿ ಟೆಸ್ಲಾ ಕಾರು ಸಿದ್ಧವಾದವರು ‘ಈಗಲೇ ಬೇಡ, ಜನವರಿಗೆ ಕೊಡಿ’ ಎನ್ನುವುದು ಲಾಭದ ಮಾತಾಯಿತು. ಅವರನ್ನು ಒಲಿಸಲು ಕಂಪನಿ ಮೊದಲು 3,750, ಬಳಿಕ 7,500 ಡಾಲರ್‌ಗಳ ಕಡಿತವನ್ನು ತಾನೇ ಘೋಷಿಸಿತು. ಅದೇ ಕಂಪನಿಯ ಗ್ರಾಹಕರು ಒಮ್ಮೆ ಡಿಸೆಂಬರ್ 31ರೊಳಗೆ ಕಾರು ಬೇಕೆಂದು ಓಡಿದರೆ, ಮತ್ತೊಮ್ಮೆ ಆ ದಿನ ಕಳೆಯಲೆಂದು ಕಾದರು. ಎರಡು ಸಲವೂ ಅವರು ನಡೆದುಕೊಂಡದ್ದು ಕಾನೂನು ಕಲಿಸಿದಂತೆಯೇ.

ಅದೇ ಕಾನೂನು ಇನ್ನೊಂದು ಕಡೆ ಪೆಟ್ಟು ಕೊಟ್ಟಿತು. ಕಾರಿನ ಅಂತಿಮ ಜೋಡಣೆ ಉತ್ತರ ಅಮೆರಿಕದಲ್ಲೇ ಆಗಿರಬೇಕೆಂಬ ನಿಯಮ ಸಹಿಯಾದ ಕ್ಷಣದಿಂದಲೇ ಜಾರಿಗೆ ಬಂತು. ಕೊರಿಯಾದಿಂದ ಹಡಗಿನಲ್ಲಿ ಬರಬೇಕಿದ್ದ ಹ್ಯುಂಡೈ ಅಯೋನಿಕ್ 5, ಕಿಯಾ ಇವಿ6 ಕಾರುಗಳಿಗಾಗಿ ಕಾದಿದ್ದವರು ಬೆಳಗಾಗುವುದರೊಳಗೆ ಅನರ್ಹರಾದರು. ಒಂದು ಕಿಂಡಿ ಮಾತ್ರ ತೆರೆದಿತ್ತು: ಆಗಸ್ಟ್ 16ಕ್ಕೆ ಮೊದಲೇ ಲಿಖಿತ, ಬದ್ಧ ಒಪ್ಪಂದ ಮಾಡಿಕೊಂಡವರು, ಕಾರು ನಂತರ ಬಂದರೂ ಹಳೆಯ ನಿಯಮದಡಿ ರಿಯಾಯಿತಿ ಕೇಳಬಹುದಿತ್ತು. ಯಾವಾಗ ಬೇಕಾದರೂ ಹಿಂಪಡೆಯಬಹುದಾದ ಮುಂಗಡ ‘ಬದ್ಧ’ ಎನಿಸಿಕೊಳ್ಳುವುದಿಲ್ಲ. ರಿವಿಯನ್ ಕಂಪನಿ ಸಹಿ ಬೀಳುವ ಮೊದಲೇ ತನ್ನ ಗ್ರಾಹಕರನ್ನು ಎಚ್ಚರಿಸಿ, 1,000 ಡಾಲರ್ ಮುಂಗಡದಲ್ಲಿ 100 ಡಾಲರನ್ನು ಮರಳಿಸಲಾಗದ ಮೊತ್ತವನ್ನಾಗಿ ಮಾಡಿ ಒಪ್ಪಂದ ಬರೆಸಿಕೊಂಡಿತು. ಆ ಪತ್ರವನ್ನು ಸಕಾಲದಲ್ಲಿ ಓದಿದವರಿಗೆ ಒಂದು ನ್ಯಾಯ, ಓದದವರಿಗೆ ಇನ್ನೊಂದು.

ಮುಂದಿನ ಎರಡು ವರ್ಷ ನಿಯಮಗಳು ಬದಲಾಗುತ್ತಲೇ ಹೋದವು. ಬೆಲೆಯ ಮಿತಿ, ಆದಾಯದ ಮಿತಿ, 2023ರ ಏಪ್ರಿಲ್ 18ರಿಂದ ಬ್ಯಾಟರಿಯ ಖನಿಜ ಎಲ್ಲಿಯದು ಎಂಬ ಪರೀಕ್ಷೆ, 2024ರ ಜನವರಿಯಿಂದ ಚೀನಾದ ಬಿಡಿಭಾಗಗಳಿಗೆ ನಿಷೇಧ. ಪ್ರತಿ ಸಲವೂ ಅರ್ಹ ಕಾರುಗಳ ಪಟ್ಟಿ ಬದಲಾಯಿತು. ಚೀನಾವನ್ನು ದೂರವಿಡುವ ಉದ್ದೇಶ ಸರಿಯೋ ತಪ್ಪೋ ಬೇರೆ ಮಾತು. ಬ್ಯಾಟರಿಯ ಗ್ರಾಫೈಟ್ ಯಾವ ದೇಶದ್ದೆಂದು ಪತ್ತೆ ಹಚ್ಚುವ ಶಕ್ತಿ ಮುಂಗಡ ಕೊಟ್ಟು ಕೂತ ಶಾಲಾ ಶಿಕ್ಷಕನಿಗೆ ಎಲ್ಲಿಂದ ಬರಬೇಕು?

ಬುಕ್ ಮಾಡಿದ ದಿನವನ್ನೇ ಪರಿಗಣಿಸಬಾರದೇಕೆ ಎಂಬ ಪ್ರಶ್ನೆಗೆ ಖಜಾನೆಯ ಉತ್ತರವೂ ಹಗುರವಾದದ್ದಲ್ಲ. ಬುಕ್ ಮಾಡಿದವರೆಲ್ಲ ಕೊಳ್ಳುವುದಿಲ್ಲ. ರಸ್ತೆಗಿಳಿಯದ ಕಾರಿನಿಂದ ಹೊಗೆ ಕಡಿಮೆಯಾಗುವುದಿಲ್ಲ. ನಮ್ಮ ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಮು ಈ ವಿಷಯದಲ್ಲಿ ಬೇರೆ ಹಾದಿ ಹಿಡಿದಿತ್ತು. ವಿದ್ಯುತ್ ವಾಹನದ ಸಾಲದ ಬಡ್ಡಿಯ ಮೇಲೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಕಡಿತ ನೀಡಿದ ಅದು, 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಸಾಲ ಮಂಜೂರಾಗಿರಬೇಕೆಂದು ಗೊತ್ತುಪಡಿಸಿತು. ಮಂಜೂರಾತಿ ಎಂದರೆ ಕಾಗದದ ಮೇಲಿನ ಖಚಿತ ದಿನ. ಕಾರ್ಖಾನೆಯ ವಿಳಂಬಕ್ಕೆ ಅದನ್ನು ಅಲುಗಿಸಲಾಗದು. ಕೈಯಲ್ಲಿದ್ದ ಹಣದಿಂದ ಕೊಂಡವರಿಗೆ ಏನೂ ದಕ್ಕಲಿಲ್ಲ ಎಂಬ ಕೊರತೆ ಇದ್ದರೂ ಸರದಿಯಲ್ಲಿರುವವರ ಮಟ್ಟಿಗೆ ಇದು ಮೇಲು.

ರಿಯಾಯಿತಿಯನ್ನು ಮುಗಿಸುವ ಹೊತ್ತಿಗೆ ಅಮೆರಿಕವೂ ಇತ್ತಲೇ ಬಂತು. ಅಧ್ಯಕ್ಷ ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ಕಾನೂನು, ಸೆಪ್ಟೆಂಬರ್ 30ರ ನಂತರ ‘ಪಡೆದ’ ವಾಹನಗಳಿಗೆ ರಿಯಾಯಿತಿ ಇಲ್ಲ ಎಂದಿತು. ‘ಪಡೆಯುವುದು’ ಎಂದರೇನು? ಬದ್ಧ ಒಪ್ಪಂದಕ್ಕೆ ಸಹಿ ಮಾಡಿ ಅಲ್ಪ ಮುಂಗಡ ಕೊಟ್ಟರೂ ಸಾಕು, ಕಾರು ಆಮೇಲೆ ಬರಬಹುದು ಎಂದು ತೆರಿಗೆ ಇಲಾಖೆ ಆಗಸ್ಟ್‌ನಲ್ಲಿ ವಿವರಿಸಿತು. ಕೂಡಲೇ ಇದರಲ್ಲಿ ಸಂದು ಹುಡುಕಿದವರು ದೊಡ್ಡ ಕಂಪನಿಗಳೇ. ಮಾರಾಟಗಾರರ ಅಂಗಳದಲ್ಲಿದ್ದ ಕಾರುಗಳಿಗೆ ತಮ್ಮ ಹಣಕಾಸು ಅಂಗಸಂಸ್ಥೆಗಳಿಂದಲೇ ಮುಂಗಡ ಕೊಡಿಸಿ, ಗಡುವಿನ ನಂತರವೂ ಬಾಡಿಗೆ ಕರಾರಿನ ಗ್ರಾಹಕರಿಗೆ ರಿಯಾಯಿತಿ ದಾಟಿಸುವ ಯೋಜನೆಯನ್ನು ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ರೂಪಿಸಿದವು. ಸೆನೆಟರ್‌ಗಳಿಂದ ಆಕ್ಷೇಪ ಬಂತು. ಅಕ್ಟೋಬರ್‌ನಲ್ಲಿ ಎರಡೂ ಹಿಂದೆ ಸರಿದವು. ಆದರೆ ಅದಕ್ಕಾಗಿ ಒಪ್ಪಂದದ ದಿನವನ್ನೇ ದೂರುವುದು ಸಲ್ಲದು. ಸಹಿ ಮಾಡಿದವನೇ ಕಾರು ಓಡಿಸುವವನಾಗಿರಬೇಕು ಎಂದು ಒಂದು ಸಾಲು ಸೇರಿಸಿದ್ದರೆ ಆ ಸಂದು ಮುಚ್ಚುತ್ತಿತ್ತು.

ಗಡುವಿನೊಳಗೆ ಸಹಿ ಮಾಡಿ ಕಾರಿಗಾಗಿ ಕಾದವರ ಹಕ್ಕು ಮಾತ್ರ ಉಳಿಯಿತು. ಕಾರು ಕೈಸೇರಿದ ವರ್ಷದ ತೆರಿಗೆ ವಿವರದಲ್ಲಿ ಅವರು ರಿಯಾಯಿತಿ ಕೇಳಬೇಕು. ಅದಕ್ಕೆ ಮಾರಾಟಗಾರ ಇಲಾಖೆಗೆ ಸಲ್ಲಿಸಿದ ವರದಿಯ ಪ್ರತಿ ಬೇಕು. ಒಪ್ಪಂದಪತ್ರ ಮತ್ತು ಮುಂಗಡದ ರಸೀತಿಯನ್ನೂ ಜೋಪಾನವಾಗಿ ಇಟ್ಟುಕೊಂಡಿರಬೇಕು.