ಪಾದ ಊರಿ ನಿಂತ ಅಕ್ಷರಗಳು

ಯಾದಗಿರಿ, ಶಹಾಪುರ, ಸುರಪುರದ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ತಂದೆ-ತಾಯಿ ಟೈಪಿಂಗ್ ಕ್ಲಾಸಿಗೆ ಸೇರಿಸುತ್ತಿದ್ದ ಕಾಲವೊಂದಿತ್ತು. ಜೂನಿಯರ್, ಸೀನಿಯರ್ ಪಾಸಾದರೆ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರರ ಹುದ್ದೆ ಸಿಕ್ಕೀತೆಂಬ ಆಸೆ. ಹಾಗೆ ಕಲಿತವರು ಕೀಲಿಗಳನ್ನು ಮರೆತಿರಬಹುದು, ಹಾಳೆಯ ಮೇಲೆ ಮೂಡುತ್ತಿದ್ದ ಇಂಗ್ಲಿಷ್ ಅಕ್ಷರಗಳ ರೂಪವನ್ನು ಮರೆತಿರಲಾರರು. ಒಂದೊಂದರ ಕಾಲಡಿಯಲ್ಲೂ ಅಡ್ಡ ಪಟ್ಟಿ. ಇಂಥ ಅಕ್ಷರಕ್ಕೆ ಮುದ್ರಣದವರು ಇಟ್ಟ ಹೆಸರು ‘ಸ್ಲ್ಯಾಬ್ ಸೆರಿಫ್’.

ಸೆರಿಫ್ ಎಂದರೆ ಗೆರೆಯ ತುದಿಯಲ್ಲಿ ಚಾಚಿದ ಪುಟ್ಟ ಪಾದ. ಸ್ಲ್ಯಾಬ್ ಏನೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಪರಸಿಯೇ ಸ್ಲ್ಯಾಬು. ಟೈಮ್ಸ್ ರೋಮನ್ ಅಕ್ಷರದ ಪಾದ ತುದಿಗೆ ಹೋದಂತೆ ತೆಳ್ಳಗಾಗುತ್ತದೆ. ಸ್ಲ್ಯಾಬಿನದು ಪರಸಿಯಂತೆ ಚೌಕ, ಹೆಚ್ಚುಕಡಿಮೆ ಕಾಲಿನಷ್ಟೇ ದಪ್ಪ.

ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಎಂಬ ಅಚ್ಚುಮೊಳೆ ತಯಾರಕ 19ನೇ ಶತಮಾನದ ಆರಂಭದಲ್ಲಿ ಇದನ್ನು ಮಾರಾಟಕ್ಕಿಟ್ಟ. ಗೋಡೆಗೆ ಅಂಟಿಸುವ ಜಾಹೀರಾತು ದೂರದಿಂದಲೇ ಕಣ್ಣಿಗೆ ಹೊಡೆಯಬೇಕಿದ್ದ ಕಾಲ ಅದು. ‘ಈಜಿಪ್ಟಿಯನ್’ ಎಂಬ ಹೆಸರೂ ಅಂಟಿಕೊಂಡಿತು, ಆ ದೇಶಕ್ಕೂ ಇದಕ್ಕೂ ನಂಟಿಲ್ಲದಿದ್ದರೂ! 1845ರಲ್ಲಿ ಕ್ಲಾರೆಂಡನ್, 1934ರಲ್ಲಿ ರಾಕ್‌ವೆಲ್ ಬಂದವು.

ಟೈಪ್‌ರೈಟರಿಗೆ ಈ ಪಾದ ಏಕೆ ಬೇಕಾಯಿತು? ಯಾವ ಕೀಲಿ ಒತ್ತಿದರೂ ಯಂತ್ರ ಸರಿಯುವುದು ಒಂದೇ ಅಳತೆ. ಸಾಮಾನ್ಯವಾಗಿ ಅಂಗುಲಕ್ಕೆ 10 ಅಥವಾ 12 ಅಕ್ಷರ. ಅಗಲವಾದ ‘ಎಮ್’ ಮೈ ಮುದುಡಿಕೊಳ್ಳಬೇಕು. ಕಡ್ಡಿಯಂಥ ‘ಐ’ ಆ ಜಾಗದಲ್ಲಿ ಒಂಟಿಯಾಗಿ ನಿಂತರೆ ಎರಡೂ ಬದಿ ಖಾಲಿ. ಅದಕ್ಕೇ ಅದರ ಪಾದವನ್ನು ಎರಡೂ ಕಡೆ ಎಳೆದು ಜಾಗ ತುಂಬಿಸಿದರು. ಪಾದ ಅಲಂಕಾರಕ್ಕಲ್ಲ, ಕೆಲಸಕ್ಕೆ. 1950ರ ದಶಕದಲ್ಲಿ ಐಬಿಎಂ ಟೈಪ್‌ರೈಟರಿಗಾಗಿ ಹೋವರ್ಡ್ ಕೆಟ್ಲರ್ ರೂಪಿಸಿದ ‘ಕೊರಿಯರ್’ ಅಕ್ಷರ ಹೀಗೆಯೇ ಇದೆ. ಗೋದ್ರೆಜ್ 1955ರಲ್ಲಿ ಆರಂಭಿಸಿದ ಟೈಪ್‌ರೈಟರ್ ತಯಾರಿಕೆ 2009ರಲ್ಲಿ ನಿಂತರೂ ಕೊರಿಯರ್ ಕಂಪ್ಯೂಟರಿನಲ್ಲಿ ಉಳಿದಿದೆ.

ವಿದ್ಯಾರ್ಥಿಗಳಿಗೆ ಇದರಿಂದೇನು ಲಾಭ? ಸ್ಕಾಲರ್‌ಷಿಪ್ ಅರ್ಜಿಗೆ ಕೊಟ್ಟ ಪಾಸ್‌ವರ್ಡನ್ನು ಏರಿಯಲ್ ಅಕ್ಷರದಲ್ಲಿ ಮುದ್ರಿಸಿಕೊಳ್ಳಿ. ದೊಡ್ಡ ‘ಐ’, ಸಣ್ಣ ‘ಎಲ್’ ಎರಡೂ ಬರೀ ಕಡ್ಡಿ. ತಪ್ಪಾಗಿ ಒತ್ತಿದರೆ ಅರ್ಜಿಯ ಪುಟವೇ ತೆರೆಯದು. ಕೊರಿಯರಿನಲ್ಲಿ ‘ಐ’ಗೆ ಮೇಲೂ ಕೆಳಗೂ ಪಟ್ಟಿ, ‘ಎಲ್’ಗೆ ತಲೆಯ ಎಡಕ್ಕೆ ಮಾತ್ರ ಚಾಚು. ಆದರೆ ‘ಓ’ ಮತ್ತು ಸೊನ್ನೆಯ ಗೊಂದಲಕ್ಕೆ ಈ ಮದ್ದು ನಾಟದು, ಅವಕ್ಕೆ ಕಾಲೇ ಇಲ್ಲ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿನ 11 ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ ಎಂಬುದನ್ನು ಪಾಲಕರು ನೆನಪಿಡುವುದು ಒಳ್ಳೆಯದು.

ಶಾಲೆಯ ಪ್ರಾಜೆಕ್ಟಿನ ಶೀರ್ಷಿಕೆಗೆ, ಭಿತ್ತಿಪತ್ರಕ್ಕೆ ರಾಕ್‌ವೆಲ್ ಚೆನ್ನ. ಪುಟಗಟ್ಟಲೆ ಪ್ರಬಂಧವನ್ನು ಅದರಲ್ಲಿ ಮುದ್ರಿಸಿದರೆ ಓದುವವರ ಕಣ್ಣು ಸೋಲುತ್ತದೆ. ನಮ್ಮ ಕನ್ನಡ ಅಕ್ಷರಕ್ಕಂತೂ ಪಾದವೇ ಇಲ್ಲ. ಮೈ ದುಂಡಗೆ, ಮೇಲೊಂದು ತಲೆಕಟ್ಟು.

ಕಂಪ್ಯೂಟರ್ ಸಿಕ್ಕಾಗ ಹತ್ತು ಸಣ್ಣ ‘ಐ’, ಅದರ ಕೆಳಗಿನ ಸಾಲಿನಲ್ಲಿ ಹತ್ತು ‘ಎಮ್’ ಹೊಡೆದು ನೋಡಿ. ಮೊದಲು ಟೈಮ್ಸಿನಲ್ಲಿ, ಆಮೇಲೆ ಕೊರಿಯರಿನಲ್ಲಿ. ಟೈಮ್ಸಿನಲ್ಲಿ ಒಂದು ಸಾಲು ಗಿಡ್ಡ, ಇನ್ನೊಂದು ಉದ್ದ. ಕೊರಿಯರಿನಲ್ಲಿ ಎರಡೂ ಒಂದೇ ಕಡೆ ಮುಗಿಯುತ್ತವೆ.