ಮನೆಯ ಮೊದಲ ಡಿಗ್ರಿ

ಮನೆಯಲ್ಲಿ ಮೊಟ್ಟಮೊದಲು ಡಿಗ್ರಿ ಮುಗಿಸಿದವರು ಊರಿನ ಮಕ್ಕಳ ಓದಿಗೆ ಯಾಕೆ ಅಷ್ಟು ಒತ್ತಾಸೆಯಾಗಿ ನಿಲ್ತಾರೆ ಗೊತ್ತಾ?

ದಾರಿಯಲ್ಲಿ ಎಲ್ಲೆಲ್ಲಿ ಅಡ್ಡಿ ಇತ್ತು ಅನ್ನೋದು ಅವರಿಗೆ ಗೊತ್ತು. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆದಾಟ, ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನದ ಧಾವಂತ, ಯಾವ ಕೋರ್ಸ್ ತಗೊಳ್ಳಲಿ ಅಂತ ಕೇಳೋಕೆ ಮನೆಯಲ್ಲಿ ಯಾರೂ ಇಲ್ಲ.

ಡಾ. ಎಚ್. ನರಸಿಂಹಯ್ಯನವರನ್ನೇ ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ. ಹೈಸ್ಕೂಲು ಓದೋಕೆ ಬೆಂಗಳೂರಿಗೆ ನಡೆದುಕೊಂಡೇ ಬಂದವರು. ಭೌತಶಾಸ್ತ್ರ ಓದಿ, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ವಾಸ ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ, ವಿದ್ಯಾರ್ಥಿಗಳ ನಡುವೆ. ಗೌರಿಬಿದನೂರು, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಿಸಿದರು. ಆ ಸೀಮೆಯ ಮಕ್ಕಳಿಗೆ ಕಾಲೇಜು ಹತ್ತಿರವಾಯ್ತು.

ನೀವೂ ನಿಮ್ಮ ಮನೆಯ ಮೊದಲ ಪದವೀಧರರಾ? ಕಾಲೇಜು ಕಟ್ಟಿಸಬೇಕಿಲ್ಲ. ಪಿಯುಸಿ ಮುಗಿಸಿದ ನಿಮ್ಮೂರಿನ ಒಬ್ಬ ಹುಡುಗಿಯ ಪಕ್ಕ ಕೂತು, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ. ಹಾಸ್ಟೆಲ್ ಸೀಟಿಗೆ ಯಾವಾಗ ಅರ್ಜಿ ಹಾಕಬೇಕು ಅಂತ ತಿಳಿಸಿ. ಅವಳ ಅಪ್ಪ-ಅಮ್ಮನಿಗೆ ಕೋರ್ಸ್ ಬಗ್ಗೆ ಬಿಡಿಸಿ ಹೇಳಿ.

ನಿಮಗೆ ಸಿಗದ ಆ ಅಕ್ಕ, ಆ ಅಣ್ಣ ನೀವೇ ಆಗಿ. ಆ ಮನೆಗೂ ಮೊದಲ ಡಿಗ್ರಿ ಬರಲಿ.