ಕಟ್ಟಿಸಿಕೊಂಡ ಹಲ್ಲು

ಉಪ್ಪಾರಪೇಟೆಯಿಂದ ಚಿಕ್ಕಪೇಟೆಯ ಜನಜಂಗುಳಿ ಸೀಳಿಕೊಂಡು ನಡೆದರೆ ಅರ್ಧ ಗಂಟೆಗೆ ಕೆ.ಆರ್. ಮಾರ್ಕೆಟ್. ಅಲ್ಲಿನ ಬಸ್ ನಿಲ್ದಾಣದ ಆಸುಪಾಸಿನ ಫುಟ್‌ಪಾತಿನಲ್ಲಿ ಹಾಸಿದ ಬಟ್ಟೆಯ ಮೇಲೆ ಹಲ್ಲುಸೆಟ್ಟುಗಳು ಸಾಲಾಗಿ ಕೂತಿದ್ದನ್ನು ನೋಡಿದವರು ಬಹಳ ಮಂದಿ ಇದ್ದೀರಿ. ಪಕ್ಕದಲ್ಲಿ ಬಿಡಿ ಹಲ್ಲುಗಳ ಡಬ್ಬಿ, ಗುಲಾಬಿ ಪುಡಿ, ಶೀಶೆಯಲ್ಲಿ ಮೂಗಿಗೆ ಅಡರುವ ದ್ರವ, ಒಂದು ಕೈಗನ್ನಡಿ. ಪುಡಿಗೆ ದ್ರವ ಕಲಸಿ, ಮೆತ್ತಗಿರುವಾಗಲೇ ಗಿರಾಕಿಯ ವಸಡಿಗೆ ಒತ್ತುತ್ತಾರೆ. ಗಟ್ಟಿಯಾಗುತ್ತಾ ಅದು ಬಿಸಿಯೇರುತ್ತದೆ, ಬಾಯಿ ಚುರುಗುಟ್ಟುತ್ತದೆ. ಕನ್ನಡಿಯಲ್ಲಿ ಒಮ್ಮೆ ಹಲ್ಲು ಕಿಸಿದು, ದುಡ್ಡು ಕೊಟ್ಟು, ಗಿರಾಕಿ ಬಸ್ಸು ಹತ್ತುತ್ತಾನೆ. ಕೆಲವು ತಿಂಗಳಿಗೆ ಅದರಡಿ ಅನ್ನದ ಅಗುಳು ಕೂತು ಕೊಳೆತು, ವಸಡು ಬಾತು, ಪಕ್ಕದ ಒಳ್ಳೆಯ ಹಲ್ಲೂ ಅಲ್ಲಾಡತೊಡಗುವುದು ಬೇರೆ ಕಥೆ.

ಸೋಜಿಗವೆಂದರೆ, ಈ ಫುಟ್‌ಪಾತಿನ ಅಂಗಡಿಯಿಂದ ಕೂಗಳತೆಯಲ್ಲೇ ವಿಕ್ಟೋರಿಯಾ ಆಸ್ಪತ್ರೆ. ಅದರ ಆವರಣದಲ್ಲೇ 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ಅದನ್ನು ಬಿಟ್ಟು ಜನ ಇಲ್ಲೇಕೆ ಕೂರುತ್ತಾರೆ?

ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ಹೊರಟ ಉಪ್ಪಾರಪೇಟೆ, ಸವುಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಉಪ್ಪಾರರ ಹೆಸರು ಹೊತ್ತ ಪೇಟೆ. ಆ ಉಪ್ಪು, ಒಲೆಯ ಇದ್ದಿಲು, ಬೇವಿನಕಡ್ಡಿ ಇಷ್ಟೇ ಆಗಿನ ದಂತವೈದ್ಯ. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ತೆರೆದ ಮೇಲೆ ಗುಲಾಬಿ ಬಣ್ಣದ ಹಲ್ಲುಪುಡಿ ಮನೆಮನೆಗೂ ಬಂತು. ಹುಳುಕು ಹಿಡಿದರೆ ಲವಂಗದೆಣ್ಣೆ ಅದ್ದಿದ ಹತ್ತಿ. ಅದಕ್ಕೂ ಬಗ್ಗದಿದ್ದರೆ ಕೀಳಿಸುವುದು. ಹಲ್ಲು ಹೋದವರ ಪಾಡು ನಡೆದೇ ನಡೆಯುತ್ತಿತ್ತು, ಯಾಕೆಂದರೆ ನಮ್ಮ ಬಯಲುಸೀಮೆಯ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಎಲೆಯಡಿಕೆ ಬಿಡಲಾಗದ ಬೊಚ್ಚುಬಾಯಿಯವರಿಗೆ ಕುಟ್ಟಾಣಿ ಇತ್ತು. ಹಳ್ಳಿಯ ಬಡವ ಹಲ್ಲಿಲ್ಲದೆ ಬದುಕಬಲ್ಲವನಾಗಿದ್ದ. ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದು, ಹೋಟೆಲಿನಲ್ಲಿ ಸಪ್ಲೈಯರ್ ಆಗಿಯೋ ಅಂಗಡಿಯ ಬಾಗಿಲಲ್ಲಿ ಗಿರಾಕಿ ಕರೆಯುವವನಾಗಿಯೋ ನಿಂತಾಗ ಮುಂದಿನ ಎರಡು ಹಲ್ಲು ಬೇಕಾದವು.

ಕಟ್ಟಿದ ಹಲ್ಲು ಮೊದಲು ಉಳ್ಳವರ ಸೊತ್ತು. ಯುರೋಪಿನಲ್ಲಿ ಅದನ್ನು ಆನೆದಂತದಲ್ಲಿ ಕೆತ್ತುತ್ತಿದ್ದರು. ಬಡವರು ಮಾರಿದ ಹಲ್ಲು, 1815ರ ವಾಟರ್‌ಲೂ ಯುದ್ಧದಲ್ಲಿ ಸತ್ತ ಸೈನಿಕರ ಬಾಯಿಂದ ಕಿತ್ತ ಹಲ್ಲು ಶ್ರೀಮಂತರ ಬಾಯಿ ಸೇರುತ್ತಿದ್ದವು. 1850ರ ದಶಕದಲ್ಲಿ ಗಟ್ಟಿ ರಬ್ಬರು ಬಂದು ಬೆಲೆ ಇಳಿಯಿತು. 1930ರ ದಶಕದ ಕೊನೆಗೆ ಬಂದ ಅಕ್ರಿಲಿಕ್ ಅದನ್ನು ಇನ್ನಷ್ಟು ಇಳಿಸಿತು. ಫುಟ್‌ಪಾತಿನ ಆ ಗುಲಾಬಿ ಪುಡಿ ಅದೇ.

ದಂತವೈದ್ಯರ ಕಾಯ್ದೆ ಬಂದದ್ದು 1948ರಲ್ಲಿ. ದೇಶದ ಮೊದಲ ದಂತ ಕಾಲೇಜನ್ನು ಆರ್. ಅಹಮದ್ ಕಲ್ಕತ್ತೆಯಲ್ಲಿ ತೆರೆದು (1920) ಮೂರು ದಶಕ ಕಳೆಯುತ್ತಾ ಬಂದಿದ್ದರೂ ಓದಿದ ದಂತವೈದ್ಯರು ಸಾಲದಷ್ಟಿದ್ದರು. ಹಾಗಾಗಿ ಕಾಯ್ದೆ ಎರಡು ಪಟ್ಟಿ ಮಾಡಿತು: ‘ಎ’ ಭಾಗದಲ್ಲಿ ಪದವೀಧರರು, ‘ಬಿ’ ಭಾಗದಲ್ಲಿ ಪದವಿ ಇಲ್ಲದಿದ್ದರೂ ಕನಿಷ್ಠ ಐದು ವರ್ಷದಿಂದ ಇದೇ ಕಸುಬಿನಲ್ಲಿ ಹೊಟ್ಟೆ ಹೊರೆಯುತ್ತಿದ್ದವರು. ಎರಡರಲ್ಲೂ ಹೆಸರಿಲ್ಲದವರ ಕಸುಬು ಕಾನೂನುಬಾಹಿರವಾಯಿತು. ಆದರೆ ಕಸುಬು ನಿಲ್ಲಲಿಲ್ಲ, ಗಿರಾಕಿಯೂ ನಿಲ್ಲಲಿಲ್ಲ.

ಆಮೇಲೆ ಕಾಲೇಜುಗಳ ಸುಗ್ಗಿ. 1965ರಲ್ಲಿ ಮಣಿಪಾಲ, 1979ರಲ್ಲಿ ದಾವಣಗೆರೆಯ ಬಾಪೂಜಿ, ನಂತರ ಸಾಲುಸಾಲು. ಈಗ ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಇವಕ್ಕೆ ಬೇಕಾದದ್ದು ಬಾಯಿಗಳು. ವಿದ್ಯಾರ್ಥಿ ಪಾಸಾಗಬೇಕಾದರೆ ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ಸೆಟ್ಟು ಕಟ್ಟಿರಬೇಕು. ಹಾಗಾಗಿ ಕಾಲೇಜಿನ ಬಸ್ಸುಗಳು ಹಳ್ಳಿಗೆ ಹೋಗಿ ಶಿಬಿರ ನಡೆಸಿ ಅಜ್ಜ ಅಜ್ಜಿಯರನ್ನು ಹತ್ತಿಸಿಕೊಂಡು ಬರುವುದು ರೂಢಿಯಾಯಿತು. 2014ರಲ್ಲಿ ಸಿದ್ದರಾಮಯ್ಯ ಸರ್ಕಾರ ಅರವತ್ತು ದಾಟಿದ ಬಿಪಿಎಲ್ ಕಾರ್ಡಿನವರಿಗೆ ಉಚಿತ ಹಲ್ಲುಸೆಟ್ಟು ಕೊಡುವ ‘ದಂತಭಾಗ್ಯ’ ತಂದಾಗ ಖಾಸಗಿ ಕಾಲೇಜುಗಳನ್ನೂ ಜೊತೆಗೆ ಸೇರಿಸಿಕೊಳ್ಳಲು ಸಾಧ್ಯವಾದದ್ದು ಈ ಕಾರಣಕ್ಕೆ ಎಂದು ನನ್ನ ಎಣಿಕೆ. ಬಡವನಿಗೆ ಹಲ್ಲು ಬೇಕಿತ್ತು, ವಿದ್ಯಾರ್ಥಿಗೆ ಕೇಸು ಬೇಕಿತ್ತು. ಇದನ್ನು ಕೊಂಕಾಗಿ ಹೇಳುತ್ತಿಲ್ಲ. ಹಲ್ಲೇ ಇಲ್ಲದವರಿಗೆ ಸರ್ಕಾರ ಹಲ್ಲು ಕೊಡುವುದು ಸಣ್ಣ ಮಾತಲ್ಲ.

ಆದರೆ ಪೂರ್ತಿ ಸೆಟ್ಟು ಸರಿಯಾಗಿ ಕೂರಬೇಕಾದರೆ ಸುಮಾರು ಐದು ಸಲ ಹೋಗಬೇಕು. ಮೊದಲ ಸಲ ವಸಡಿನ ಅಚ್ಚು. ಎರಡನೆಯ ಸಲ ಇನ್ನೂ ಕರಾರುವಾಕ್ಕಾದ ಅಚ್ಚು. ಮೂರಕ್ಕೆ ಮೇಲ್ದವಡೆ ಕೆಳದವಡೆ ಎಲ್ಲಿ ಕೂಡುತ್ತವೆಂಬ ಅಳತೆ. ನಾಲ್ಕಕ್ಕೆ ಮೇಣದಲ್ಲಿ ನಿಲ್ಲಿಸಿದ ಹಲ್ಲನ್ನು ಹಾಕಿ ನೋಡುವುದು. ಐದಕ್ಕೆ ಸೆಟ್ಟು ಕೈಗೆ. ಚುಚ್ಚಿದರೆ ತೇಯಿಸಲು ಮತ್ತೆ ಬರಬೇಕು. ದಿನಗೂಲಿಯವನಿಗೆ ಇದು ಐದು ಕೂಲಿ. ಜೊತೆಗೆ ಬರುವ ಮಗನದ್ದೂ ಸೇರಿದರೆ ಹತ್ತು. ಫುಟ್‌ಪಾತಿನವನು ಮಾರುತ್ತಿದ್ದದ್ದು ಹಲ್ಲನ್ನಲ್ಲ, ಆ ನಾಲ್ಕೂವರೆ ದಿನವನ್ನು.

ಹಲ್ಲು ಉಳಿಸಿಕೊಳ್ಳುವ ಲೆಕ್ಕವೂ ಇದೇ. ರೂಟ್ ಕೆನಾಲಿಗೆ ಎರಡು ಮೂರು ಸಲ ಓಡಾಟ, ಮೇಲೆ ಕ್ಯಾಪಿನ ಖರ್ಚು. ಸಾಮಾನ್ಯ ಆರೋಗ್ಯ ವಿಮೆ ಇದಕ್ಕೆಲ್ಲ ಕೈ ಹಚ್ಚುವುದಿಲ್ಲ. ಕೀಳಿಸಿದರೆ ಒಂದೇ ದಿನ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುವ ಗಾದೆ ದೇವರು ಎಲ್ಲರಿಗೂ ಒಂದೊಂದು ಕಿತ್ತುಕೊಳ್ಳುತ್ತಾನೆಂದು ನಂಬಿಸಿತ್ತು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಒಮ್ಮೆ ಸುಮ್ಮನೆ ಬಾಯಿಗಳನ್ನು ನೋಡುತ್ತಾ ನಡೆಯಿರಿ. ಎಪ್ಪತ್ತರಲ್ಲೂ ಇಂಪ್ಲಾಂಟ್ ಹಾಕಿಸಿಕೊಂಡು ಕಟಕಟ ಕಡಿಯುವವರು ಕೊಳ್ಳುವ ಕಡೆ. ಐವತ್ತಕ್ಕೇ ಕೆನ್ನೆ ಒಳಸೇದಿದವರು ರಾಶಿಯ ಹಿಂದೆ, ಸೇರು ಹಿಡಿದು.

ನಮ್ಮ ರಸ್ತೆಯಲ್ಲಿ ಹೂ ಮಾರುವ ಅಜ್ಜಿಯೊಬ್ಬರಿಗೆ ಶಿಬಿರದಲ್ಲಿ ಉಚಿತ ಸೆಟ್ಟು ಸಿಕ್ಕಿದೆ. ಮೊನ್ನೆ ನೋಡಿದರೆ ಬಾಯಲ್ಲಿ ಮೇಲಿನದು ಮಾತ್ರ ಇತ್ತು.

“ಕೆಳಗಿಂದು ಎಲ್ಲಜ್ಜಿ?”

“ನಿಲ್ಲಲ್ಲ ಕಣಪ್ಪ, ಮಾತಾಡಿದ್ರೆ ಎದ್ದೆದ್ದು ಬರುತ್ತೆ. ಇನ್ನೊಂದ್ ಸಲ ಬನ್ನಿ, ಸರಿ ಮಾಡ್ಕೊಡ್ತೀವಿ ಅಂದವ್ರೆ. ಹೋದ್ರೆ ಬುಟ್ಟಿ ಯಾರು ನೋಡ್ಕೋತಾರೆ?”

ಕೆಳಗಿನ ಸೆಟ್ಟು ಬುಟ್ಟಿಯ ಮೂಲೆಯಲ್ಲಿ ಸ್ಟೀಲ್ ಡಬ್ಬಿಯ ನೀರಿನಲ್ಲಿತ್ತು. ಅದರ ಪಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಮತ್ತೆ ಕುಟ್ಟಾಣಿ.